ಅಲುಗಾಡದಿದ್ದರೆ ಕೂಗುವ ಡಬ್ಬಿ

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಲಬುರಗಿಯಲ್ಲಿ ಬೆಂಕಿ ಆರಿಸುವ ನಮಗೆ ಹೊಸ ಕೋಟುಗಳು ಬಂದವು. ಕೋಟಿನ ಎದೆಯ ಮೇಲೊಂದು ಪುಟ್ಟ ಡಬ್ಬಿ. ತೊಟ್ಟವನು ಅರ್ಧ ನಿಮಿಷ ಅಲುಗಾಡದಿದ್ದರೆ, ಹೊಗೆಯಲ್ಲಿ ಬಿದ್ದಿದ್ದಾನೆಂದು ತಿಳಿದು ಅದು ಕಿರುಚಿಕೊಳ್ಳುತ್ತಿತ್ತು.

ಆದರೆ ನಮ್ಮಲ್ಲಿ ಬೆಂಕಿಗಿಂತ ಪರೇಡು ಹೆಚ್ಚು. ಸಾಹೇಬರ ತಪಾಸಣೆಗೆ ಆ ಕೋಟು ತೊಟ್ಟು ಕಂಬದಂತೆ ನಿಂತೆವು. ಅರ್ಧ ನಿಮಿಷಕ್ಕೆ, ಇಡೀ ಸಾಲೇ ಸತ್ತಿದೆಯೆಂದು ಡಬ್ಬಿಗಳು ಸಾರಿದವು.

"ಏನ್ರೀ, ಪರೇಡ್ ಮಾಡಾಕತ್ತೀರೋ, ಮದುವಿ ಬ್ಯಾಂಡ್ ಬಾರಸಾಕತ್ತೀರೋ?" ಎಂದರು ಸಾಹೇಬರು.

ಸಾಮಾನುಗಳ ಉಸ್ತುವಾರಿ ನನ್ನದು. ಮುಂದಿನ ಪರೇಡಿಗೆ ಯಾರಿಗೂ ಹೇಳದೆ ಎಲ್ಲ ಡಬ್ಬಿಗಳ ಸೆಲ್ಲು ತೆಗೆದಿಟ್ಟೆ. ಸಾಲು ಮೌನವಾಗಿ ನಿಂತಿತು, ಸಾಹೇಬರು ನನ್ನ ಬೆನ್ನು ತಟ್ಟಿದರು. ತೆಗೆಯಲು ಹೊಳೆದ ಬುದ್ಧಿ ಮರಳಿ ಹಾಕಲು ಹೊಳೆಯಲಿಲ್ಲ. ಹೇಗೂ ಮತ್ತೊಂದು ಪರೇಡು ಬರುವುದಿತ್ತಲ್ಲ!

ಅದಕ್ಕೂ ಮೊದಲು ಕಮಲಾಪುರದ ತೊಗರಿ ಗೋದಾಮಿಗೆ ಬೆಂಕಿ ಬಿತ್ತು. ನನ್ನ ಜೊತೆಗಾರ ಒಳಗೆ ಹೋದ. ಡಬ್ಬಿ ಕೂಗಲಿಲ್ಲವೆಂದು ಹೊರಗಿದ್ದವರೆಲ್ಲ ನಿಶ್ಚಿಂತರಾಗಿದ್ದರು. ಸೆಲ್ಲು ನೆನಪಾಗಿ ನಾನು ಒಳಗೆ ಓಡಿದಾಗ, ಅವನು ಚೀಲಗಳ ನಡುವೆ ಮಗುಚಿ ಬಿದ್ದಿದ್ದ. ಬದುಕಿದ, ಉಸಿರಾಟ ಮಾತ್ರ ಮೊದಲಿನಂತಾಗಲಿಲ್ಲ.

"ಅಣ್ಣಾ, ಡಬ್ಬಿ ಯಾಕ ಒದರಲಿಲ್ರೀ?" ಎಂದು ಆಸ್ಪತ್ರೆಯಲ್ಲಿ ಕೇಳಿದ.

"ಕಂಪನಿ ಮಾಲು, ತಮ್ಮಾ. ಅದರದೇನು ಭರೋಸಾ?" ಎಂದೆ.

ವರದಿಯಲ್ಲೂ ಹಾಗೇ ಬರೆದೆ. ಹೈಸ್ಕೂಲು ಓದಿದವನ ದುಂಡು ಅಕ್ಷರವನ್ನು ಎಲ್ಲರೂ ನಂಬಿದರು. ಕೆಟ್ಟ ಸಾಮಾನೆಂದು ಡಬ್ಬಿಗಳು ಕಪಾಟು ಸೇರಿದವು. ಆಮೇಲೆ ಬಂದವರೆಲ್ಲ ಅವಿಲ್ಲದೆಯೇ ಹೊಗೆಯೊಳಗೆ ಹೋದರು. ಪ್ರತಿ ಸಲ ಅವರು ಹೊರಬರುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದೆ; ಬಾಯಿ ಮಾತ್ರ ಬಿಡಲಿಲ್ಲ.