ಕರೆಂಟು ಹೋದರೆ ಕುಣಿಯುವವನು

ಕಾಡುಗೋಡಿಯ ನಮ್ಮ ವಠಾರದಲ್ಲಿ ಕರೆಂಟು ಹೋದರೆ ಖುಷಿಪಡುತ್ತಿದ್ದವನು ಮಹಡಿ ಕೋಣೆಯ ಫೋಟೋಗ್ರಾಫರ್ ಒಬ್ಬನೇ. ನಾವೆಲ್ಲ ಗೊಣಗುತ್ತಾ ಮೇಣದಬತ್ತಿ ಹುಡುಕುವಾಗ ಅವನು ಕಪ್ಪಂಗಿ ತೊಟ್ಟು, ಕ್ಯಾಮೆರಾ ಹೊತ್ತು ತಾರಸಿಗೆ ಓಡುತ್ತಿದ್ದ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಶಟರನ್ನು ಅರ್ಧ ನಿಮಿಷ ತೆರೆದೇ ಇಟ್ಟು, ಕತ್ತಲಲ್ಲಿ ನಿಂತವರ ಮುಂದೆ ಟಾರ್ಚು ಆಡಿಸುತ್ತಾ ನಡೆಯುತ್ತಿದ್ದ. ಬೆಳಕು ಸವರಿದ್ದಷ್ಟೇ ಚಿತ್ರದಲ್ಲಿ ಮೂಡುತ್ತಿತ್ತು. ಓಡಾಡಿದ ಅವನು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

“ಅಲ್ಲಾಡ್ಬೇಡಿ, ಅಲ್ಲಾಡಿದ್ರೆ ಕೆಟ್ಟೋಯ್ತು!” ಎಲ್ಲರಿಗೂ ಅವನದು ಇದೇ ಗದರಿಕೆ.

ಒಂದು ಸಂಜೆ ಕರೆಂಟು ಹೋದಾಗ, ಪಕ್ಕದ ಕೋಣೆಯಲ್ಲಿದ್ದ ಕೊಪ್ಪಳದ ಗಾರೆ ಕೆಲಸದಾಕೆ ಮಗುವನ್ನೆತ್ತಿಕೊಂಡು ತಾರಸಿಗೆ ಬಂದಳು. ಬೆಳಗಾದರೆ ಅವಳು ಕೋಣೆ ಖಾಲಿ ಮಾಡಿ ಸರ್ಜಾಪುರದ ಸೈಟಿಗೆ ಹೊರಡುವವಳು.

“ಅಣ್ಣಾರ, ನಂದೂ ನನ್ನ ಕೂಸಿಂದೂ ಒಂದರ ಚಲೋ ಫೋಟೋ ಇಲ್ರಿ.”

ಅವಳೇನೋ ಕಂಬದ ಹಾಗೆ ನಿಂತಳು. ಕಂಕುಳಲ್ಲಿದ್ದ ಕೂಸು ನಿಲ್ಲಬೇಕಲ್ಲ! ಚಿತ್ರದಲ್ಲಿ ತಾಯಿಗೆ ಒಂದು ಮುಖ, ಮಗುವಿಗೆ ಮೂರು.

“ಛೇ, ಕೆಟ್ಟೋಯ್ತು. ಇನ್ನೊಂದ್ಸಲ ನಿಂತ್ಕೊಳ್ಳಿ ಅಕ್ಕಾ” ಎಂದ. ಅಷ್ಟರಲ್ಲಿ ಕರೆಂಟು ಬಂದು ಇಡೀ ಬೀದಿ ಝಗ್ಗೆಂದಿತು. ಅವನ ಮುಖ ಬಾಡಿತು.

ಅವಳು ಮಾತ್ರ ಕ್ಯಾಮೆರಾದ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಎಲ್ಲಿ ಕೆಟ್ಟೈತ್ರಿ? ನೀವು ಹೋದ ಕಡೆನ ನೋಡಾಕತ್ತೈತಿ” ಎಂದು ನಕ್ಕಳು.

ನಾನೂ ಬಗ್ಗಿ ನೋಡಿದೆ. ಎಡಕ್ಕೆ, ನೇರಕ್ಕೆ, ಬಲಕ್ಕೆ, ಆ ಮೂರೂ ಮುಖಗಳು ಅವನು ಟಾರ್ಚು ಹಿಡಿದು ನಡೆದ ದಾರಿಯನ್ನೇ ಹಿಂಬಾಲಿಸಿದ್ದವು. ಅವನೂ ಬಗ್ಗಿ ಮತ್ತೊಮ್ಮೆ ನೋಡಿದ.

ಆಮೇಲೂ ಕರೆಂಟು ಹೋದಾಗಲೆಲ್ಲ ತಾರಸಿಗೆ ಓಡುತ್ತಿದ್ದ. ದೊಡ್ಡವರಿಗೆ ಅದೇ ಗದರಿಕೆ. ಮಕ್ಕಳು ಬಂದು ನಿಂತರೆ ಮಾತ್ರ ಕತ್ತಲೊಳಗಿಂದ ಬೇರೆಯೇ ದನಿ ಕೇಳುತ್ತಿತ್ತು:

“ನಾನೆಲ್ಲಿದೀನಿ ನೋಡು ಪುಟ್ಟಾ!”