ಸವತಿಯ ದನಿ

ಮೇಸ್ತ್ರಿಯ ಹೆಂಡತಿಗೆ ಒಬ್ಬಳು ಸವತಿಯಿದ್ದಳು. ಹಾಗೆಂದು ಆಕೆಯೇ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. "ನಮ್ಮೋರಿಗೆ ನಾನು ಎರಡನೆಯೋಳು. ಮೊದಲನೆಯೋಳು ಮ್ಯೂಸಿಯಂನಲ್ಲಿ ಇದಾಳೆ. ಎಣ್ಣೆ ಕುಡೀತಾಳೆ, ಕೆಮ್ತಾಳೆ, ಹೊಗೆ ಬಿಡ್ತಾಳೆ. ಆದ್ರೂ ಇವರಿಗೆ ಅವಳೇ ಚೆಂದ." ಬಂದವರು ನಗುತ್ತಿದ್ದರು. ಮೇಸ್ತ್ರಿ ಮಾತ್ರ ಬೆಂಕಿಕಡ್ಡಿಯಿಂದ ಉಗುರಿನ ಸಂದಿಯ ಕಪ್ಪು ತೆಗೆಯುತ್ತ, ಮಾತು ಪಕ್ಕದ ಮನೆಯವನ ಬಗ್ಗೆ ನಡೆದಿದೆ ಎಂಬಂತೆ ಕೂತಿರುತ್ತಿದ್ದ.

ಸವತಿಯೆಂದರೆ ಒಂದು ಎಂಜಿನ್. ಯುದ್ಧನೌಕೆಯ ಮೇಲಿಂದ ಹಾರುತ್ತಿದ್ದ ಹಳೆಯ ವಿಮಾನದ ಮೂತಿಯಲ್ಲಿ, ಗಾಡಿಚಕ್ರದ ಅರಗಳಂತೆ ಸುತ್ತ ಸಿಲಿಂಡರುಗಳನ್ನು ಹರಡಿಕೊಂಡು ಕೂತ ಎಂಜಿನ್. ಹರೆಯದಲ್ಲಿ ಮೇಸ್ತ್ರಿ ನೌಕಾಪಡೆಯಲ್ಲಿ ಇದೇ ಜಾತಿಯ ಎಂಜಿನ್ನುಗಳನ್ನು ಬಿಚ್ಚಿ ಕಟ್ಟಿದವನು. ವಿಮಾನಕ್ಕೆ ವಯಸ್ಸಾಗಿ ಮ್ಯೂಸಿಯಂ ಸೇರಿತು, ಬೆನ್ನಹಿಂದೆಯೇ ಇವನೂ ನಿವೃತ್ತನಾಗಿ ಅಲ್ಲಿಗೇ ಸೇರಿಕೊಂಡ. "ಇಬ್ಬರನ್ನೂ ಒಂದೇ ಮೂಲೆಗೆ ಹಾಕಿದ್ರು" ಎನ್ನುತ್ತಿದ್ದಳು ಹೆಂಡತಿ.

ಆ ಮ್ಯೂಸಿಯಂನಲ್ಲಿ ವಿಮಾನಗಳು ಬೇಕಾದಷ್ಟಿದ್ದವು. ಆದರೆ ಮಿಕ್ಕವೆಲ್ಲ ಬಣ್ಣ ಬಳಿದ ಹೆಣಗಳು. ಮಕ್ಕಳು ಹತ್ತಿ ಫೋಟೋ ತೆಗೆಸಿಕೊಳ್ಳುವುದಕ್ಕೆ ಸರಿ, ಇನ್ನಾವುದಕ್ಕೂ ಬಾರವು. ಜೀವವಿದ್ದದ್ದು ಇದೊಂದಕ್ಕೇ. ವರ್ಷದಲ್ಲಿ ಕೆಲವೇ ದಿನ ಜನರ ಮುಂದೆ ಅದನ್ನು ಚಾಲೂ ಮಾಡುತ್ತಿದ್ದರು. ಉಳಿದ ದಿನಗಳಲ್ಲಿ ಅದು ಸಾಯದಂತೆ ನೋಡಿಕೊಳ್ಳುವುದೇ ಮೇಸ್ತ್ರಿಯ ಕೆಲಸ. ಉಪ್ಪುಗಾಳಿ ತಿಂದ ಕಡೆಯೆಲ್ಲ ಬಿಳಿ ಬೂಷ್ಟು ಏಳುತ್ತಿತ್ತು, ಅದನ್ನು ಉಜ್ಜಬೇಕು. ಸವೆದದ್ದಕ್ಕೆ ಬದಲಿ ಸಿಗದು, ತಯಾರಿಸಿದ ಕಾರ್ಖಾನೆಯೇ ಮುಚ್ಚಿಹೋಗಿ ಯಾವ ಕಾಲವಾಯಿತೋ.

ಈ ಎಂಜಿನ್ನಿಗೊಂದು ಕೆಟ್ಟ ಚಾಳಿ. ಸುಮ್ಮನೆ ನಿಂತರೆ ಎಣ್ಣೆ ಮೆಲ್ಲಗೆ ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದೆ. ಎಣ್ಣೆಯೇನು ಗಾಳಿಯೇ, ಅದುಮಿದರೆ ಕುಗ್ಗುವುದಕ್ಕೆ? ಅದಕ್ಕೇ ಚಾಲೂ ಮಾಡುವ ಮೊದಲು ಪ್ರೊಪೆಲ್ಲರನ್ನು ಕೈಯಿಂದ ಸುತ್ತಿಸಿ ನೋಡಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಬೇಕು. ಕೆಳಗಿನ ಪ್ಲಗ್ಗು ಬಿಚ್ಚಿ, ಎಣ್ಣೆ ಪೂರ್ತಿ ಇಳಿಯುವ ತನಕ ಕಾಯಬೇಕು. ಅವಸರಗೇಡಿಗಳು ಪ್ರೊಪೆಲ್ಲರನ್ನು ಹಿಂದಕ್ಕೆ ತಿರುಗಿಸುತ್ತಾರೆ. ತಡೆ ಮಾಯವಾದಂತೆ ಕಾಣುತ್ತದೆ. ಆದರೆ ಎಣ್ಣೆ ಎಲ್ಲಿಗೂ ಹೋಗಿರುವುದಿಲ್ಲ. ಗಾಳಿಯ ಕೊಳವೆಯಲ್ಲಿ ಹೊಂಚು ಹಾಕಿ ಕೂತಿದ್ದು, ಎಂಜಿನ್ ಚಾಲೂ ಆದಮೇಲೆ ಮತ್ತೆ ಒಳನುಗ್ಗಿ ಪಿಸ್ಟನ್ನಿನ ಉಕ್ಕಿನ ಸರಳನ್ನೇ ಬಗ್ಗಿಸಿಬಿಡುತ್ತದೆ.

ಹಾಗಾಗಿ ಮೇಸ್ತ್ರಿ ಪ್ರೊಪೆಲ್ಲರಿನ ಮೇಲೆ ಯಾವ ಕಡೆಗೆ ತಿರುಗಿಸಬೇಕೆಂದು ಕೆಂಪು ಬಾಣ ಬರೆದಿದ್ದ. "ಹಿಂದಕ್ಕೆ ತಿರುಗಿಸಿದ ಕೈನ ಮುರಿದು ಇನ್ನೊಂದು ಕೈಗೆ ಕೊಡ್ತೀನಿ" ಎಂದು ಎಲ್ಲರಿಗೂ ಹೇಳಿಟ್ಟಿದ್ದ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಅವನಷ್ಟು ಸಲ ಹೇಳಿದವರು ಯಾರೂ ಇರಲಿಕ್ಕಿಲ್ಲ. ಕೊನೆಗೆ ಬೇರೆಯವರು ಎಂಜಿನ್ ಮುಟ್ಟುವುದನ್ನೇ ಬಿಟ್ಟರು.

ಹೆಂಡತಿ ಒಮ್ಮೆಯೂ ಮ್ಯೂಸಿಯಮ್ಮಿಗೆ ಕಾಲಿಟ್ಟವಳಲ್ಲ. "ಸವತಿ ಮನೆ ಹೊಸ್ತಿಲು ತುಳೀತೀನಾ?" ಎನ್ನುತ್ತಿದ್ದಳು. ಚಿಕ್ಕಂದಿನಲ್ಲೇ ಜ್ವರ ಬಂದು ಆಕೆಯ ಒಂದು ಕಿವಿ ಹೋಗಿತ್ತು. ಈಗ ಇನ್ನೊಂದು ಕಿವಿಯ ಹಿಂದೆ, ತಲೆಬುರುಡೆಯ ಒಳಗೆ, ಗಂಟೊಂದು ಬೆಳೆಯುತ್ತಿತ್ತು. ಡಾಕ್ಟರು ಸುತ್ತಿ ಬಳಸಿ ಹೇಳುವ ಜಾತಿಯವರಲ್ಲ. "ಗಂಟು ತೆಗೆದರೆ ಜೀವ ಉಳಿಯುತ್ತೆ. ಕಿವಿ ಉಳಿಯಲ್ಲ" ಎಂದರು. ಆ ಪರೀಕ್ಷೆ, ಈ ಪರೀಕ್ಷೆ ಎಂದು ಮೇಸ್ತ್ರಿ ತಿಂಗಳುಗಟ್ಟಲೆ ಆಸ್ಪತ್ರೆಯ ಬೆಂಚು ಸವೆಸಿದ. ಶೆಡ್ಡಿನಲ್ಲಿ ಎಂಜಿನ್ ಒಂಟಿಯಾಗಿ ನಿಂತಿತ್ತು, ಅದರೊಳಗೆ ಎಣ್ಣೆ ಜಿನುಗುತ್ತಲೇ ಇತ್ತು.

ಆಸ್ಪತ್ರೆಗೆ ಸೇರಬೇಕಾದ ದಿನ ಟ್ಯಾಕ್ಸಿಯಲ್ಲಿ ಕೂತಮೇಲೆ ಹೆಂಡತಿ ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಮೊದಲು ಮ್ಯೂಸಿಯಮ್ಮಿಗೆ ಹೋಗೋಣ. ಅವಳ ದನಿ ಒಂದ್ಸಲ ಕೇಳ್ಬೇಕು. ಇಷ್ಟು ವರ್ಷ ಮುಖ ನೋಡದೇ ಬೈದಿದೀನಿ."

"ಈಗಲೇನೇ?"

"ಮತ್ತೆ? ಆಮೇಲೆ ಯಾವ ಕಿವೀಲಿ ಕೇಳ್ಲಿ?"

ಶೆಡ್ಡಿನ ಬಾಗಿಲಲ್ಲಿ ಮೂತಿ ಹೊರಗೆ ಹಾಕಿ ವಿಮಾನ ನಿಂತಿತ್ತು. ಕಾವಲುಗಾರ ಆಕೆಗೊಂದು ಕುರ್ಚಿ ತಂದು ಹಾಕಿದ, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕಕ್ಕೆ ನಿಂತ. ಮೇಸ್ತ್ರಿ ಪ್ರೊಪೆಲ್ಲರಿಗೆ ಭುಜ ಕೊಟ್ಟ. ಅರ್ಧ ಸುತ್ತು ಬಂದು ಅದು ಗೋಡೆಗೆ ಬಡಿದಂತೆ ನಿಂತುಬಿಟ್ಟಿತು. ಮುಚ್ಚಳ ತೆಗೆದು ಕೆಳಗಿನ ಪ್ಲಗ್ಗಿಗೆ ಸ್ಪ್ಯಾನರ್ ಹಾಕಿದ. ಪ್ಲಗ್ಗು ಕಚ್ಚಿಕೊಂಡಿತ್ತು. ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಕಿತ್ತುಹೋಯಿತು. ಅಷ್ಟರಲ್ಲಿ ಆಸ್ಪತ್ರೆಯಿಂದ ಮಗಳ ಫೋನು: "ಅಪ್ಪಾ, ಎಲ್ಲಿದೀರ? ಇಲ್ಲಿ ಎಲ್ಲರೂ ಕಾಯ್ತಾ ಇದಾರೆ."

ಹೆಂಡತಿ ಕತ್ತು ಓರೆಮಾಡಿ, ಕೇಳುವ ಕಿವಿಯನ್ನು ಎಂಜಿನ್ನಿನ ಕಡೆಗೆ ತಿರುಗಿಸಿ ಕೂತಿದ್ದಳು. ಗಂಡನ ಕೈಯ ರಕ್ತ ನೋಡಿ, "ಆಗ್ಲಿಲ್ಲ ಅಂದ್ರೆ ಬಿಡಿ. ನಡೀರಿ ಹೋಗೋಣ" ಎಂದಳು.

ಆ 'ಬಿಡಿ' ಅನ್ನುವುದನ್ನು ಅವನು ತಾಳಲಾರದೆ ಹೋದ. ಬದುಕಿಡೀ ಆಕೆ ಹಾಗೇ ಅಂದವಳು, ಇವನು ಹಾಗೇ ಬಿಟ್ಟವನು. ಎದ್ದು ಬಂದು ಪ್ರೊಪೆಲ್ಲರ್ ಹಿಡಿದು ಹಿಂದಕ್ಕೆ ತಿರುಗಿಸಿದ.

"ಮೇಸ್ತ್ರೀ, ಬಾಣ..." ಎಂದ ಕಾವಲುಗಾರ.

"ಬಾಯಿ ಮುಚ್ಕೊಂಡು ನಿಂತ್ಕೋ."

ಒಮ್ಮೊಮ್ಮೆ ಏನೂ ಆಗದೆಯೂ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವನು ಚಾಲಕನ ಸೀಟು ಹತ್ತಿದ. ಎಂಜಿನ್ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಮತ್ತೆ ಕೆಮ್ಮಿ, ಚಾಲೂ ಆಯಿತು. ಶೆಡ್ಡಿನ ತಗಡೆಲ್ಲ ಅದುರಿತು. ಗಾಜಿನಾಚೆ ಹೆಂಡತಿ ಕಾಣುತ್ತಿದ್ದಳು. ಕೂದಲು ಕೆದರಿ, ಎದೆಯ ಮೇಲೆ ಅಂಗೈಯಿಟ್ಟುಕೊಂಡು ನಗುತ್ತಿದ್ದಳು, ಮದುವೆಯಾದ ಹೊಸತರಲ್ಲಿ ನಗುತ್ತಿದ್ದಂತೆ. ಮೇಸ್ತ್ರಿಯ ಕಣ್ಣು ಮಂಜಾಯಿತು. ಎಂಜಿನ್ ಆರಿಸಬೇಕು, ಈಗಲೇ ಆರಿಸಬೇಕು ಎಂದು ಗೊತ್ತಿದ್ದರೂ ಆ ನಗು ನೋಡುತ್ತ ಅವನ ಕೈ ಏಳಲಿಲ್ಲ.

ಟಣ್!

ಸೀಟಿನಡಿಯಿಂದ ಬೆನ್ನುಹುರಿಗೆ ಏಟು ಬಿತ್ತು. ಆಮೇಲೆ ಕಬ್ಬಿಣ ಕಬ್ಬಿಣವನ್ನು ಅರೆದ ಸದ್ದು, ಆಮೇಲೆ ಏನೂ ಇಲ್ಲ. ಅವನು ಕೆಳಗಿಳಿಯುವಷ್ಟರಲ್ಲಿ ಎಂಜಿನ್ನಿನ ಹೊಟ್ಟೆಯಿಂದ ಎಣ್ಣೆ ದಳದಳ ಸುರಿಯುತ್ತಿತ್ತು. ಕಾವಲುಗಾರ ತಲೆ ತಗ್ಗಿಸಿ ನಿಂತಿದ್ದ.

ಹೆಂಡತಿಯ ಕಣ್ಣು ತುಂಬಿತ್ತು. "ಕೊನೇಲಿ ಟಣ್ ಅಂದಳಲ್ಲ, ಏನ್ರೀ ಅದು?"

"ಅದು... ನಿಲ್ಲೋವಾಗ ಹಾಗೇ ಅನ್ನೋದು."

"ಗಂಟೆ ಹೊಡೆದ ಹಾಗಿತ್ತು" ಎಂದಳು ಆಕೆ.

ಜೀವ ಉಳಿಯಿತು. ಕಿವಿ ಹೋಯಿತು. ಎಂಜಿನ್ ಬಿಚ್ಚಿ ನೋಡಿದಾಗ ಬಗ್ಗಿದ ಸರಳು ಸುತ್ತಲ ಲೋಹದ ಗೂಡನ್ನೇ ಒಡೆದು ಹೊರಬಂದಿತ್ತು. ಮ್ಯೂಸಿಯಂ ಸಾಹೇಬರು ಬೈದಿದ್ದರೆ ಮೇಸ್ತ್ರಿ ಬದುಕಿಕೊಳ್ಳುತ್ತಿದ್ದನೇನೋ. ಅವರು ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಿ, ಬಣ್ಣ ಹೊಡೆದು ಇಡೋಣ. ನೋಡೋಕೆ ಚೆಂದ ಇದ್ರೆ ಸಾಕು" ಎಂದುಬಿಟ್ಟರು. ಬಣ್ಣವನ್ನೂ ಇವನೇ ಹೊಡೆದ. ಕೆಂಪು ಬಾಣ ಅದರಡಿಯಲ್ಲಿ ಮುಚ್ಚಿಹೋಯಿತು.

ಈಗ ಮನೆಗೆ ಬಂದವರಿಗೆಲ್ಲ ಆಕೆ ಆ ಸದ್ದು ಮಾಡಿ ತೋರಿಸುತ್ತಾಳೆ. ತನ್ನ ದನಿ ತನಗೇ ಕೇಳದಿರುವುದರಿಂದ ಜೋರಾಗಿಯೇ ಮಾಡುತ್ತಾಳೆ. ಮೊದಲು ಕೆಮ್ಮು, ಆಮೇಲೆ ಗುಡುಗುಡು, ಕೊನೆಗೆ ಎರಡೂ ಕೈ ಮೇಲೆತ್ತಿ "ಟಣ್!" ಮೊಮ್ಮಗಳು ಮತ್ತೊಮ್ಮೆ ಮಾಡು ಎಂದು ಕುಣಿಯುತ್ತಾಳೆ. "ಸರಿಯಾಗಿ ಮಾಡಿದ್ನಾ?" ಎಂದು ಆಕೆ ಗಂಡನ ತುಟಿ ನೋಡುತ್ತಾಳೆ. ಅವನು ಹೌದೆಂದು ತಲೆಯಾಡಿಸುತ್ತಾನೆ.

ಆಕೆ ಬೆನ್ನು ತಿರುಗಿಸಿ ಪಾತ್ರೆ ತೊಳೆಯುವಾಗ ಮೇಸ್ತ್ರಿ ಬಾಯಿಬಿಟ್ಟು ನಿಜ ಹೇಳುವುದುಂಟು. "ಅದು ಮುರಿದ ಸದ್ದು ಕಣೆ. ನಾನೇ ಮುರಿದೆ. ಹಿಂದಕ್ಕೆ ತಿರುಗಿಸಿಬಿಟ್ಟೆ." ನಲ್ಲಿಯ ನೀರು ಸುರಿಯುತ್ತಿರುತ್ತದೆ. ಹೇಳಿ ಮುಗಿಸಿ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾನೆ.

ಮೊನ್ನೆ ಹಾಗೆ ಹೇಳಿ ಮುಗಿಸುವಷ್ಟರಲ್ಲಿ ಆಕೆ ತಿರುಗಿದಳು. ಒದ್ದೆ ಕೈಯನ್ನು ಒರೆಸಿಕೊಂಡು ಅವನೆದುರು ಬಂದು ಕೂತಳು.

"ನನಗೊಂದು ಯೋಚನೆ ಬಂದಿದೆ. ಕಿವಿ ಹೋದ್ರೆ ಏನಂತೆ, ಕೈ ಇದೆಯಲ್ಲ. ಅವಳನ್ನ ಇನ್ನೊಂದ್ಸಲ ಸ್ಟಾರ್ಟ್ ಮಾಡಿ. ಅಂಗೈ ಇಟ್ಕೊಂಡು ನಿಂತಿರ್ತೀನಿ, ನಡುಕ ಗೊತ್ತಾಗುತ್ತೆ. ಯಾವಾಗ ಕರ್ಕೊಂಡು ಹೋಗ್ತೀರಿ?"

ಆಕೆಯ ಕಣ್ಣು ಅವನ ತುಟಿಯ ಮೇಲಿತ್ತು. ಅವನು ಒಂದೊಂದೇ ಮಾತನ್ನು ಬಿಡಿಸಿ, ಆಕೆಗೆ ಕಾಣುವಂತೆ ಹೇಳಿದ.

"ಎಣ್ಣೆ ಪೂರ್ತಿ ಇಳೀಲಿ. ಅವಸರ ಮಾಡಬಾರದು."

ಆಕೆ ಆಗಲಿ ಎಂದು ತಲೆಯಾಡಿಸಿ, ಉಳಿದ ಪಾತ್ರೆ ತೊಳೆಯಲು ಎದ್ದುಹೋದಳು.