ಕೊಬ್ರೀ ಎಂದು ಕರೆದವರು ಯಾರು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಾನು ನಂಬುತ್ತಿರಲಿಲ್ಲ. ಬೇಲೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಮಗು ಬೆಚ್ಚಿಬಿದ್ದಿದೆ, ಗಾಳಿ ಸೋಕಿದೆ ಎಂದು ಹೇಳಿಕೊಂಡು ಬಂದವರಿಗೆ ಜ್ವರದ ಮಾತ್ರೆ ಕೊಟ್ಟು, ಅವರು ಮೆಟ್ಟಿಲಿಳಿದ ಮೇಲೆ ನಕ್ಕವನು ನಾನು. ಈಗ ನಗುವುದಿಲ್ಲ. ಹಾಗೆಂದು ನಂಬಿಕೆ ಬಂದಿದೆ ಎಂದೂ ಹೇಳಲಾರೆ. ಏಳು ವರ್ಷದ ಹಿಂದೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೇನಾದರೂ ತೋಚಿದರೆ ತೋಚಲಿ.

ನನಗೊಬ್ಬಳು ಅಕ್ಕ ಇದ್ದಳು, ನಾಗರತ್ನ. ನಾವು ಕಣಕಟ್ಟೆಯವರು, ಅಪ್ಪನದು ಕೊಬ್ಬರಿ ವ್ಯಾಪಾರ. ಅಟ್ಟದ ಮೇಲಿದ್ದ ಕೊಬ್ಬರಿಯನ್ನು ನಾನು ಕದ್ದು ತಿನ್ನುತ್ತಿದ್ದೆನೆಂದು ಅಕ್ಕ ನನಗೆ ‘ಕೊಬ್ರಿ’ ಎಂದು ಹೆಸರಿಟ್ಟಿದ್ದಳು. ಅವಳೊಬ್ಬಳೇ ಹಾಗೆ ಕರೆಯುತ್ತಿದ್ದದ್ದು. ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ತುದಿಯಲ್ಲಿ ಸ್ವಲ್ಪ ಮೇಲೆತ್ತಿ ಬಿಡುತ್ತಿದ್ದಳು. ಊರಾಚೆಯ ತೋಟದಲ್ಲಿದ್ದರೂ ನನಗೆ ಕೇಳುತ್ತಿತ್ತು.

ಅವಳು ಅಪ್ಪನ ಮಳಿಗೆಯಲ್ಲೇ ಮೂಟೆ ಹೊರುತ್ತಿದ್ದ, ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಅರಸೀಕೆರೆಗೆ ಹೋದಳು. ಅಪ್ಪ ಅವಳ ಹೆಸರೆತ್ತುವುದನ್ನು ನಿಲ್ಲಿಸಿದರು. ನಾವೂ ನಿಲ್ಲಿಸಿದೆವು. ಅಪ್ಪ ತೀರಿಕೊಂಡು ಹನ್ನೊಂದನೆಯ ದಿನ, ನಡುಮಧ್ಯಾಹ್ನ, ಅವಳು ನಾಲ್ಕು ವರ್ಷದ ಮಗಳ ಕೈ ಹಿಡಿದು ನಮ್ಮ ಗೇಟಿನ ಮುಂದೆ ಬಂದು ನಿಂತಳು. ಒಳಗೆ ನೆಂಟರೆಲ್ಲ ಊಟಕ್ಕೆ ಕೂತಿದ್ದರು, ಮಠದಿಂದ ಅಯ್ಯನವರು ಬಂದಿದ್ದರು. ನಾನೇ ಹೊರಗೆ ಹೋದೆ.

“ಈಗ ಬೇಡ ಕಣಕ್ಕ. ಜನ ಸೇರವ್ರೆ. ಇನ್ನೊಂದಿನ ಬಾ.”

ಅವಳು ಬಂದ ದಾರಿಯಲ್ಲೇ ಹೋದಳು. ಆ ಇನ್ನೊಂದು ದಿನ ಬರಲೇ ಇಲ್ಲ. ನಾನೂ ಹೋಗಲಿಲ್ಲ. ಹದಿನೆಂಟು ವರ್ಷ ಕಳೆಯಿತು.

ಆ ದಿನ ನಾನು ಅರಸೀಕೆರೆಗೆ ಹೋದದ್ದು ಅಕ್ಕನಿಗಾಗಿ ಅಲ್ಲ. ಸ್ನೇಹಿತರೊಬ್ಬರ ಗೃಹಪ್ರವೇಶವಿತ್ತು. ಬೆಳಗಿನ ಬಸ್ಸಿಗೆ ಹೋಗಿ, ಪೂಜೆ ಮುಗಿಸಿ, ಹೋಳಿಗೆ ಊಟ ಮಾಡಿ ಹೊರಬಂದಾಗ ಹನ್ನೆರಡೂವರೆ. ಹಳೇಬೀಡು ಮೇಲೆ ಬೇಲೂರಿಗೆ ಹೋಗುವ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅಕ್ಕ ರೈಲ್ವೆ ಸ್ಟೇಷನ್ನಿನ ಆಚೆ ಎಲ್ಲೋ ಇದ್ದಾಳೆ ಎಂದು ಯಾರೋ ಯಾವಾಗಲೋ ಹೇಳಿದ್ದರು. ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂರುವ ಬದಲು ಆ ಕಡೆ ನಡೆದೆ. ಹುಡುಕಬೇಕೆಂದಲ್ಲ, ಸುಮ್ಮನೆ ನೋಡಿಕೊಂಡು ಬರೋಣ ಎಂದು.

ನಾಲ್ಕು ಬೀದಿ ಬಂದು ಕೂಡುವ ಜಾಗ ಅದು. ಅಲ್ಲಿಯವರು ಸರ್ಕಲ್ಲು ಅನ್ನುತ್ತಾರೆ. ನಡುವೆ ಒಂದು ಬೇವಿನಮರ, ಅದರ ಸುತ್ತ ಸಿಮೆಂಟಿನ ಕಟ್ಟೆ, ಪಕ್ಕದಲ್ಲಿ ನೀರಿನ ಟ್ಯಾಂಕು. ಟ್ಯಾಂಕಿನ ಕೆಳಗೆ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕಾಯುತ್ತಿದ್ದವು. ಮೂರು ಆಟೋ ನಿಂತಿದ್ದವು. ಬೆಳಗಿನಿಂದ ಕಾಯಿ ಸುಲಿದು ಬಂದ ಗಂಡಸರು ಕಟ್ಟೆಯ ಮೇಲೆ ಟವೆಲ್ ಹಾಸಿ ಮಲಗಿದ್ದರು. ಒಬ್ಬಾಕೆ ಮರದ ನೆರಳಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ಟೀ ಮಾರುತ್ತಿದ್ದರು. ಅವರ ಹೆಸರು ಗೌರಮ್ಮ ಎಂದು ಆಮೇಲೆ ತಿಳಿಯಿತು. ಟೀ ಕೊಂಡು ಕಟ್ಟೆಯ ಮೇಲೆ ಕೂತೆ. ಅಕ್ಕನ ಹೆಸರು ಹೇಳಿ ಕೇಳಿದ್ದರೆ ಯಾರಾದರೂ ಮನೆ ತೋರಿಸುತ್ತಿದ್ದರು. ಆದರೆ ‘ನೀವು ಅವ್ರಿಗೆ ಏನಾಗ್ಬೇಕು?’ ಎಂದು ತಿರುಗಿ ಕೇಳಿದರೆ ಏನು ಹೇಳುವುದು? ಕೇಳಲಿಲ್ಲ. ಟೀ ಮುಗಿಸಿ, ಇನ್ನು ಹೊರಡೋಣ ಎಂದು ಎದ್ದೆ.

ಆಗ ಯಾರೋ “ಕೊಬ್ರೀ” ಅಂದರು.

ಕೊಬ್ಬರಿ ವ್ಯಾಪಾರದ ಊರಾದ ಅರಸೀಕೆರೆಯಲ್ಲಿ ಆ ಮಾತು ಕಿವಿಗೆ ಬೀಳುವುದು ಯಾವ ದೊಡ್ಡ ವಿಷಯ? ಯಾರೋ ವ್ಯಾಪಾರದ ಮಾತಾಡುತ್ತಿದ್ದಾರೆ ಎಂದುಕೊಂಡು ಎರಡು ಹೆಜ್ಜೆ ಇಟ್ಟೆ. ಮತ್ತೆ ಕೇಳಿತು. “ಲೋ ಕೊಬ್ರೀ...” ಅದೇ ಎಳೆತ, ತುದಿಯಲ್ಲಿ ಅದೇ ಏರು. ಸುತ್ತ ನೋಡಿದೆ. ನನ್ನನ್ನು ನೋಡುತ್ತಿದ್ದ ಹೆಂಗಸು ಒಬ್ಬಳೂ ಇರಲಿಲ್ಲ.

ಲೋಟ ತೊಳೆಯುತ್ತಿದ್ದ ಗೌರಮ್ಮ ತಲೆ ಎತ್ತಿ, “ಯಾರೋ ಕೂಗ್ತಾವ್ರೆ ನೋಡಿ ಸಾ” ಅಂದರು.

“ನಿಮಗೂ ಕೇಳಿಸ್ತಾ?”

“ಹೂಂ. ಹೆಣ್ಣೆಂಗ್ಸು ದನಿ. ಆ ಮಿಲ್ಲಿನ ಸಂದೀಲಿ ಅನ್ನಿಸ್ತು.”

ಹಿಟ್ಟಿನ ಗಿರಣಿಯ ಪಕ್ಕದ ಸಂದಿಗೆ ಹೋದೆ. ಓಡಿದೆ ಎಂದೇ ಹೇಳಬೇಕು. ಎರಡೂ ಕಡೆ ಶೀಟಿನ ಮನೆಗಳು. ಯಾವುದೆಂದು ತಿಳಿಯದೆ ನಿಂತಾಗ ಮೂರನೆಯ ಸಲ ಕೂಗು ಕೇಳಿತು, ತೀರಾ ಹತ್ತಿರದಲ್ಲಿ, ಒಂದು ನೀಲಿ ಬಾಗಿಲಿನ ಹಿಂದೆ. ಬಾಗಿಲು ತಟ್ಟಿದೆ.

ಇಪ್ಪತ್ತೆರಡರ ಆಸುಪಾಸಿನ ಹುಡುಗಿ ಬಾಗಿಲು ತೆಗೆದಳು. ಅವಳ ಹಣೆ, ಹುಬ್ಬು ನೋಡಿದ ಕೂಡಲೇ ಯಾರ ಮಗಳೆಂದು ಗೊತ್ತಾಯಿತು.

“ಒಳಗಿಂದ ಯಾರೋ ಕರೆದ್ರಲ್ಲಮ್ಮ?”

“ಇಲ್ಲಿಂದ ಯಾರೂ ಕರೆದಿಲ್ಲ ಅಂಕಲ್. ಒಳಗೆ ಅಮ್ಮ ಒಬ್ರೇ ಇರೋದು. ಅವ್ರಿಗೆ ಮಾತು ಬರಲ್ಲ.”

ಅಕ್ಕ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಕಣ್ಣು ಬಾಗಿಲ ಕಡೆಗೇ ಇತ್ತು. ಕತ್ತಿನ ನಡುವೆ ಒಂದು ತೂತು, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಔಷಧಿ ಮಾರುವವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಟಲಿನ ಕ್ಯಾನ್ಸರ್. ಎರಡು ವರ್ಷದ ಹಿಂದೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅಂದಿನಿಂದ ಅವಳ ಬಾಯಿಂದ ಒಂದು ಸದ್ದೂ ಹೊರಟಿರಲಿಲ್ಲ. ಈಗ ರೋಗ ಮರುಕಳಿಸಿತ್ತು. ಗಂಡ ಇದಕ್ಕೂ ಮೊದಲೇ ತೀರಿಕೊಂಡಿದ್ದ. ಇದೆಲ್ಲವನ್ನೂ ಮಗಳು ಕಾವ್ಯ ಆಮೇಲೆ ಹೇಳಿದಳು. ಆಗ ನಾನು ಅಕ್ಕನ ಪಾದ ಹಿಡಿದುಕೊಂಡು ಕೂತಿದ್ದೆ. ಅವಳ ಕೈ ನನ್ನ ತಲೆಯ ಮೇಲಿತ್ತು. ಆ ಕೈಗೆ ತೂಕವೇ ಇರಲಿಲ್ಲ.

ಅಕ್ಕ ಮಾತಿಗೆ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಳು. ನೀರು ಬಂತಾ, ಉಪ್ಪು ಕಡಿಮೆ, ಫ್ಯಾನ್ ಹಾಕು, ಹೀಗೆ ಪುಟಗಟ್ಟಲೆ. ನಾನು ತಡೆಯಲಾರದೆ ಕೇಳಿದೆ, “ಅಕ್ಕ, ನೀನು ನನ್ನ ಕರೆದ್ಯಾ?” ಅವಳು ಪೆನ್ನು ತೆಗೆದುಕೊಂಡು ಬರೆದಳು.

‘ಕರೆದಿದ್ದು ನೀನಲ್ವಾ? ಬೆಳಿಗ್ಗೆಯಿಂದ ಅಕ್ಕಾ ಅಕ್ಕಾ ಅಂತ ಕೂಗ್ತಾನೇ ಇದ್ದೆ.’

ಕಾವ್ಯ ಬೆರಗಾಗಿ ಪುಟದ ಮೇಲ್ಭಾಗ ತೋರಿಸಿದಳು. ಅಲ್ಲಿ ಬೆಳಿಗ್ಗೆಯೇ ಬರೆದದ್ದಿತ್ತು. ‘ಯಾರೋ ಕೂಗ್ತಾರೆ ನೋಡು.’ ಸ್ವಲ್ಪ ಕೆಳಗೆ, ‘ಸರ್ಕಲ್ ಹತ್ರ ನೋಡು.’ ಇನ್ನೂ ಕೆಳಗೆ, ‘ನನ್ನ ತಮ್ಮ.’

“ಮೂರು ಸಲ ಹೋಗಿ ನೋಡ್ಕೊಂಡ್ ಬಂದೆ,” ಅಂದಳು ಕಾವ್ಯ. “ಯಾರೂ ಇರ್ಲಿಲ್ಲ. ಜ್ವರಕ್ಕೆ ಏನೇನೋ ಬರೀತಾವ್ರೆ ಅನ್ಕೊಂಡೆ.”

ಓದುಗರೇ, ನಾನು ಕರೆದಿರಲಿಲ್ಲ. ಬಾಯಿಬಿಟ್ಟು ಕರೆದಿರಲಿಲ್ಲ, ಮನಸ್ಸಿನಲ್ಲೂ ಕರೆದಿರಲಿಲ್ಲ. ಅವಳು ಅದನ್ನು ಬರೆಯುತ್ತಿದ್ದ ಹೊತ್ತಿಗೆ ನಾನು ಊರಿನ ಇನ್ನೊಂದು ತುದಿಯಲ್ಲಿ, ಹೊಸ ಮನೆಯ ಟೈಲ್ಸ್ ಚೆನ್ನಾಗಿದೆ ಎಂದು ಹೊಗಳುತ್ತಿದ್ದೆ. ಅಕ್ಕನ ನೆನಪೇ ಬಂದಿರಲಿಲ್ಲ. ಆದರೆ ಅವಳು ಪೆನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೂಂ ಅಕ್ಕ, ನಾನೇ” ಅಂದೆ.

ಅವಳು ಕಣ್ಣು ಮುಚ್ಚಿಕೊಂಡಳು. ಮುಖದಲ್ಲಿ ಎಂಥದೋ ಸಮಾಧಾನ ಬಂತು.

ಆಮೇಲೆ ಹತ್ತೊಂಬತ್ತು ದಿನ ಇದ್ದಳು. ನಾನು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ದಿನ ಬಿಟ್ಟು ದಿನ ಹೋಗಿ ಬರುತ್ತಿದ್ದೆ. ಗಂಜಿ ಕುಡಿಸಿದ್ದೇನೆ, ಕತ್ತಿನ ಬಟ್ಟೆ ಬದಲಾಯಿಸಿದ್ದೇನೆ. ಒಂದು ದಿನ ಧೈರ್ಯ ಮಾಡಿ ಅಂದೆ, “ಅವತ್ತು ಗೇಟಲ್ಲಿ ನಿನ್ನ ಹಂಗೆ ಕಳಿಸ್ಬಾರ್ದಿತ್ತು ಅಕ್ಕ. ತಪ್ಪಾಯ್ತು.” ಪರವಾಗಿಲ್ಲ ಬಿಡು ಎಂದು ಬರೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಬರೆದಳು, ‘ಅವತ್ತು ಬಿಸಿಲು ಬಾಳ ಇತ್ತು. ಮಗು ನೀರು ಕೇಳ್ತು.’

ಅಷ್ಟೇ. ಪುಟ ತಿರುಗಿಸಿದಳು. ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಅಂದು ನಾನು ಹೊರಡುವಾಗ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಇಪ್ಪತ್ತನೆಯ ದಿನ ಬೆಳಗಿನ ಜಾವ ಹೋದಳು. ಮಣ್ಣು ಮಾಡಿ ಬಂದ ಮೇಲೆ ಸರ್ಕಲ್ಲಿನ ಜನವೇ ಅಡುಗೆ ಮಾಡಿ ತಂದಿಟ್ಟರು. ಕಾಯಿ ಸುಲಿಯುವವರು, ಆಟೋದವರು, ಗೌರಮ್ಮ. ನಮ್ಮ ನೆಂಟರ ಕಡೆಯಿಂದ ನಾನು, ನನ್ನ ಹೆಂಡತಿ, ಇಬ್ಬರೇ.

ಸುಲಭದ ವಿವರಣೆ ನನಗೂ ಹೊಳೆಯದೆ ಇಲ್ಲ. ಯಾರೋ ನಿಜವಾಗಿ ಕೊಬ್ಬರಿಯ ಮಾತಾಡಿರಬಹುದು. ತಪ್ಪು ಮಾಡಿದವನ ಕಿವಿಗೆ ಅದು ಹಾಗೆ ಕೇಳಿರಬಹುದು. ಅಕ್ಕನಿಗೆ ಜ್ವರವಿತ್ತು, ಒಪ್ಪುತ್ತೇನೆ. ಎರಡೂ ಒಂದೇ ದಿನ ಆಗಿದ್ದು ಹೇಗೆ ಎಂಬಲ್ಲಿಗೆ ಬಂದು ನಿಲ್ಲುತ್ತೇನೆ. ಗೌರಮ್ಮನನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಒಂದೇ ಉತ್ತರ: “ಕೇಳಿಸ್ತು ಕಣ್ರೀ. ಸುಳ್ಳು ಯಾಕೆ ಹೇಳಾನ?”

ಕಾವ್ಯ ಈಗ ಹಾಸನದಲ್ಲಿ ನರ್ಸ್ ಆಗಿದ್ದಾಳೆ. ನನ್ನನ್ನು ಮಾವ ಎನ್ನುತ್ತಾಳೆ. ಹೋದ ತಿಂಗಳು ಮನೆಗೆ ಬಂದವಳು, ಊಟ ಮಾಡುತ್ತಾ ಮಾಡುತ್ತಾ ತಟ್ಟನೆ ಕೇಳಿದಳು.

“ಮಾವ, ಅವತ್ತು ಬೆಳಿಗ್ಗೆ ನೀವು ಎಲ್ಲಿ ನಿಂತ್ಕೊಂಡು ಅಮ್ಮನ್ನ ಕೂಗಿದ್ರಿ? ಪಕ್ಕದಲ್ಲೇ ಇದ್ದೆ, ನಂಗ್ಯಾಕೆ ಕೇಳಿಸ್ಲಿಲ್ಲ?”

ನಾನು ಅವಳ ತಟ್ಟೆಗೆ ಅನ್ನ ಬಡಿಸಿದೆ. ಅವತ್ತು ಅಕ್ಕನಿಗೆ ನಾನು ಅಂದ ‘ನಾನೇ’ ಎಂಬ ಮಾತನ್ನು ಅವಳು ಇನ್ನೂ ನಂಬಿಕೊಂಡಿದ್ದಳು.